ಚೆಂಡು ಸ್ಟಂಪಿಗೆ ತಾಗುತ್ತಿದ್ದರೂ ನಾಟೌಟ್ ಯಾಕೆ?

ಪ್ರಶ್ನೆ: ಎಲ್‌ಬಿ (ಸ್ಟಂಪಿಗೆ ಹೋಗುವ ಚೆಂಡು ಕಾಲಿಗೆ ಬಡಿದು ಔಟಾಗುವುದು) ತೀರ್ಪನ್ನು ಟಿವಿಯಲ್ಲಿ ಮತ್ತೆ ನೋಡುವ ರಿವ್ಯೂನಲ್ಲಿ ಚೆಂಡು ಲೆಗ್ ಸ್ಟಂಪಿಗೆ ತಾಗುವುದನ್ನು ಟಿವಿಯೇ ತೋರಿಸುತ್ತದೆ. ಆದರೂ 'ಅಂಪೈರ್ಸ್ ಕಾಲ್' ಅಂತ ನಾಟೌಟ್ ಕೊಡುತ್ತಾರೆ. ಅದೇ ಚೆಂಡಿಗೆ ಅಂಪೈರ್ ಮೊದಲೇ ಬೆರಳೆತ್ತಿದ್ದರೆ ಔಟ್! ಒಂದೇ ಚೆಂಡಿಗೆ ಎರಡು ನ್ಯಾಯವೇ? ಇಷ್ಟೆಲ್ಲ ತಂತ್ರಜ್ಞಾನ ಇರುವಾಗ ತೀರ್ಪನ್ನು ಪೂರ್ತಿ ಅದಕ್ಕೇ ಬಿಟ್ಟರೆ ಏನು ತೊಂದರೆ? ರಿವ್ಯೂಗೆ ಲೆಕ್ಕ ಯಾಕೆ ಇಡಬೇಕು? ಕೊನೆಯದಾಗಿ, ನಾವು ಆಡುವ ಕ್ಲಬ್ ಟೂರ್ನಿಯಲ್ಲಿ ಮೊಬೈಲ್ ವಿಡಿಯೋ ಇಟ್ಟುಕೊಂಡು ರಿವ್ಯೂ ಕೊಡಬಹುದಾ?

ಉತ್ತರ: ಮೊದಲು ಆ ಟಿವಿ ಚಿತ್ರದ ವಿಷಯಕ್ಕೇ ಬರೋಣ. ಜಗಳ ಶುರುವಾಗುವುದೇ ಅಲ್ಲಿ.

ಚೆಂಡು ಬೌಲರ್ ಕೈಯಿಂದ ಹೊರಟು, ನೆಲಕ್ಕೆ ಬಿದ್ದು, ಪ್ಯಾಡಿಗೆ ಬಡಿಯುವವರೆಗಿನ ದಾರಿ ನಿಜವಾಗಿ ನಡೆದದ್ದು. ಕ್ಯಾಮೆರಾಗಳು ಅದನ್ನು ಹಿಡಿದಿರುತ್ತವೆ. ಪ್ಯಾಡಿನಿಂದ ಸ್ಟಂಪಿನವರೆಗಿನ ದಾರಿ ನಡೆದೇ ಇಲ್ಲ. ಪ್ಯಾಡ್ ಅಡ್ಡ ಬರದಿದ್ದರೆ ಚೆಂಡು ಹೀಗೆ ಹೋಗುತ್ತಿತ್ತು ಎನ್ನುವ ಲೆಕ್ಕ ಅದು. ಟಿವಿ ಮಾತ್ರ ಎರಡನ್ನೂ ಒಂದೇ ಗೆರೆಯಲ್ಲಿ, ಒಂದೇ ನುಣುಪಿನಲ್ಲಿ ಎಳೆದು ತೋರಿಸುತ್ತದೆ. ನಡೆದದ್ದು ಎಲ್ಲಿ ಮುಗಿಯಿತು, ಅಂದಾಜು ಎಲ್ಲಿ ಶುರುವಾಯಿತು ಅಂತ ನೋಡುವವರಿಗೆ ಗೊತ್ತೇ ಆಗುವುದಿಲ್ಲ.

ಲೆಕ್ಕ ಹಾಕುವ ಬಗೆ ಹೀಗಿದೆ. ಮೈದಾನದ ಸುತ್ತ ಎತ್ತರದಲ್ಲಿ ಹಲವು ಕ್ಯಾಮೆರಾ ಇಡುತ್ತಾರೆ, ಸಾಮಾನ್ಯವಾಗಿ ಆರು. ಪ್ರತಿಯೊಂದೂ ಸೆಕೆಂಡಿಗೆ ನೂರಾರು ಚಿತ್ರ ತೆಗೆಯುತ್ತದೆ. ಬೇರೆ ಬೇರೆ ಕೋನದ ಚಿತ್ರಗಳನ್ನು ಜೋಡಿಸಿ, ಆ ಕ್ಷಣಕ್ಕೆ ಚೆಂಡು ಗಾಳಿಯಲ್ಲಿ ಎಲ್ಲಿತ್ತು ಅಂತ ಕಂಪ್ಯೂಟರ್ ಗುರುತಿಸುತ್ತದೆ. ಅಂಥ ಬಿಂದುಗಳನ್ನು ಸೇರಿಸಿದರೆ ದಾರಿ ಸಿಗುತ್ತದೆ. ನೆಲಕ್ಕೆ ಬಿದ್ದ ಮೇಲೆ ಚೆಂಡು ಎಷ್ಟು ತಿರುಗಿತು, ಎಷ್ಟು ಎದ್ದಿತು ಎಂಬುದನ್ನು ಆಮೇಲಿನ ಬಿಂದುಗಳಿಂದಲೇ ತಿಳಿಯಬೇಕು. ಬೇರೆ ದಾರಿಯಿಲ್ಲ. ಪಿಚ್ ಎಲ್ಲಿ ಹೇಗೆ ವರ್ತಿಸುತ್ತದೆ ಅಂತ ಯಂತ್ರಕ್ಕೆ ಮೊದಲೇ ಗೊತ್ತಿರುವುದಿಲ್ಲ.

ತೊಡಕು ಇರುವುದು ಇಲ್ಲೇ. ಚೆಂಡು ಬಿದ್ದು ಒಂದೂವರೆ ಮೀಟರ್ ಸಾಗಿ ಪ್ಯಾಡಿಗೆ ಬಡಿದರೆ ಬೇಕಾದಷ್ಟು ಬಿಂದು ಸಿಗುತ್ತವೆ. ಬ್ಯಾಟ್ಸ್‌ಮನ್ ಉದ್ದ ಹೆಜ್ಜೆ ಇಟ್ಟು ಮುಂದೆ ಬಂದಿದ್ದಾನೆ, ಸ್ಪಿನ್ನರ್ ಚೆಂಡು ಬಿದ್ದ ತಕ್ಷಣ ಪ್ಯಾಡಿಗೆ ಬಡಿದಿದೆ ಅಂದುಕೊಳ್ಳಿ. ಆಗ ಬಿಂದು ಕಡಿಮೆ, ಮುಂದೆ ಊಹಿಸಬೇಕಾದ ದೂರ ಜಾಸ್ತಿ. ಸಣ್ಣ ತಪ್ಪೂ ಸ್ಟಂಪ್ ತಲುಪುವಷ್ಟರಲ್ಲಿ ದೊಡ್ಡದಾಗುತ್ತದೆ.

2011ರ ವಿಶ್ವಕಪ್‌ನಲ್ಲಿ ಇದರ ಮೇಲೆಯೇ ದೊಡ್ಡ ಗಲಾಟೆ ಆಯಿತು, ನೆನಪಿದೆಯಾ? ಬೆಂಗಳೂರಿನಲ್ಲಿ ಭಾರತ-ಇಂಗ್ಲೆಂಡ್ ಪಂದ್ಯ, ಎರಡೂ ತಂಡ 338 ಹೊಡೆದು ಟೈ ಆದದ್ದು. ಯುವರಾಜ್ ಸಿಂಗ್ ಚೆಂಡು ಇಯಾನ್ ಬೆಲ್ ಪ್ಯಾಡಿಗೆ ಬಡಿಯಿತು. ಬಿಲ್ಲಿ ಬೌಡನ್ ನಾಟೌಟ್ ಅಂದರು. ಧೋನಿ ರಿವ್ಯೂ ಕೇಳಿದರು. ದೊಡ್ಡ ಪರದೆಯಲ್ಲಿ ಚೆಂಡು ಸ್ಟಂಪಿಗೆ ಬಡಿಯುವುದು ಕಂಡಿತು, ಬೆಲ್ ಪೆವಿಲಿಯನ್ ಕಡೆ ಹೆಜ್ಜೆಯನ್ನೂ ಹಾಕಿದರು. ಆದರೂ ತೀರ್ಪು ನಾಟೌಟ್. ಪ್ಯಾಡಿಗೂ ಸ್ಟಂಪಿಗೂ ಎರಡೂವರೆ ಮೀಟರ್‌ಗಿಂತ ಹೆಚ್ಚು ದೂರವಿದ್ದರೆ ಯಂತ್ರದ ಅಂದಾಜಿನ ಮೇಲೆ ಪೂರ್ತಿ ಭರವಸೆ ಇಡಬೇಡಿ ಎಂಬ ನಿಯಮ ಆಗ ಇತ್ತು. ಪಂದ್ಯದ ಬಳಿಕ ಧೋನಿ ಇದನ್ನು ಬಹಿರಂಗವಾಗಿ ಟೀಕಿಸಿದರು. ನಿಯಮ ಯಾಕಿದೆ ಅಂತ ನೋಡುವವರಿಗೆ ಯಾರೂ ವಿವರಿಸಿರಲಿಲ್ಲ, ಹಾಗಾಗಿ ಎಲ್ಲರಿಗೂ ಮೋಸವಾದಂತೆ ಅನಿಸಿತು.

ಈಗ ಅಂಪೈರ್ಸ್ ಕಾಲ್ ವಿಷಯ. ಸ್ವಲ್ಪ ಲೆಕ್ಕ ಬೇಕು, ಬೇಸರ ಮಾಡಿಕೊಳ್ಳಬೇಡಿ.

ಮೂರು ಸ್ಟಂಪ್‌ಗಳ ಒಟ್ಟು ಅಗಲ 22.86 ಸೆಂಟಿಮೀಟರ್. ಚೆಂಡಿನ ಅಡ್ಡಳತೆ ಸುಮಾರು 7.2 ಸೆಂಟಿಮೀಟರ್. ಅಂಪೈರ್ ನಾಟೌಟ್ ಕೊಟ್ಟಿದ್ದಾರೆ ಅಂದುಕೊಳ್ಳಿ. ಅದನ್ನು ಬದಲಿಸಬೇಕಾದರೆ ಚೆಂಡಿನ ಅರ್ಧಕ್ಕಿಂತ ಹೆಚ್ಚು ಭಾಗ ಸ್ಟಂಪಿಗೆ ತಾಗುವಂತಿರಬೇಕು. ಬೇರೆ ಮಾತಿನಲ್ಲಿ, ಚೆಂಡಿನ ನಡುಬಿಂದು ಆ 22.86 ಸೆಂಟಿಮೀಟರ್ ಒಳಗೇ ಹಾಯಬೇಕು. ಔಟ್ ಕೊಟ್ಟಿದ್ದನ್ನು ಬದಲಿಸಬೇಕಾದರೆ ಚೆಂಡು ಸ್ಟಂಪನ್ನು ಪೂರ್ತಿ ತಪ್ಪಿಸಿಕೊಂಡು ಹೋಗಬೇಕು. ಈ ಎರಡರ ನಡುವೆ ಎರಡೂ ಬದಿಯಲ್ಲಿ ಸುಮಾರು ಮೂರೂವರೆ ಸೆಂಟಿಮೀಟರ್ ಜಾಗ ಉಳಿಯಿತಲ್ಲ, ಅದೇ ಅಂಪೈರ್ಸ್ ಕಾಲ್. ಅಲ್ಲಿ ಮೈದಾನದ ಅಂಪೈರ್ ಏನು ಹೇಳಿದರೋ ಅದೇ ನಿಲ್ಲುತ್ತದೆ. ಎತ್ತರಕ್ಕೂ ಹೀಗೆಯೇ. ಚೆಂಡು ಪ್ಯಾಡಿಗೆ ಬಡಿದದ್ದು ಸ್ಟಂಪ್‌ಗಳ ನೇರಕ್ಕೆ ಇತ್ತಾ ಎಂಬುದಕ್ಕೂ ಇಂಥದೇ ಅಂಚು ಇದೆ. ಚೆಂಡು ಎಲ್ಲಿ ಬಿತ್ತು ಎಂಬುದಕ್ಕೆ ಮಾತ್ರ ಇಲ್ಲ. ಅದು ಕಣ್ಣಿಗೆ ಕಂಡದ್ದು, ಊಹೆಯ ಮಾತೇ ಇಲ್ಲ.

ನೀವು ಕೇಳಿದಂತೆ ಅಂಪೈರ್ಸ್ ಕಾಲ್ ತೆಗೆದುಬಿಟ್ಟು, 'ತಾಗಿದರೆ ಔಟ್' ಅಂತ ಮಾಡಿದರೆ? ಚೆಂಡಿನ ನಡುಬಿಂದು ಹಾಯಬಹುದಾದ ಅಗಲ 22.86ರಿಂದ ಸುಮಾರು 30 ಸೆಂಟಿಮೀಟರ್‌ಗೆ ಏರುತ್ತದೆ. ರಿವ್ಯೂ ಕೇಳುವ ಬೌಲರ್ ಪಾಲಿಗೆ ವಿಕೆಟ್ ಸುಮಾರು ಮೂರನೇ ಒಂದರಷ್ಟು ಹೆಚ್ಚು ಅಗಲವಾದ ಹಾಗೆ. ಒಂದು ಮಿಲಿಮೀಟರ್ ಸವರಿದರೂ ಔಟ್. ಆ ಒಂದು ಮಿಲಿಮೀಟರ್ ಎಲ್ಲಿಂದ ಬಂತು? ನಡೆಯದೇ ಇದ್ದ ದಾರಿಯ ಅಂದಾಜಿನಿಂದ!

ಸಚಿನ್ ತೆಂಡೂಲ್ಕರ್ 2020ರಲ್ಲಿ ಇದನ್ನೇ ಕೇಳಿದ್ದರು. ಚೆಂಡು ಸ್ಟಂಪಿಗೆ ಎಷ್ಟು ತಾಗಿದರೇನು, ತಾಗಿದರೆ ಔಟ್ ಕೊಡಿ ಎಂದು. ಬೌಲ್ಡ್ ಆಗುವಾಗ ಅರ್ಧ ಚೆಂಡು ತಾಗಿತೋ ಕಾಲು ಚೆಂಡು ತಾಗಿತೋ ಅಂತ ಯಾರೂ ಕೇಳುವುದಿಲ್ಲವಲ್ಲ ಎಂಬುದು ಈ ವಾದದ ಬಲ. ಮರುವರ್ಷ ವಿರಾಟ್ ಕೊಹ್ಲಿಯೂ ಅಂಪೈರ್ಸ್ ಕಾಲ್‌ನಿಂದ ಗೊಂದಲವೇ ಜಾಸ್ತಿ ಎಂದರು. ದೊಡ್ಡವರ ಮಾತು, ತಳ್ಳಿಹಾಕುವಂತಿಲ್ಲ. ಆದರೆ ಬೌಲ್ಡ್ ಆದಾಗ ಬೇಲ್ಸ್ ಬಿದ್ದಿರುತ್ತದೆ. ಎಲ್‌ಬಿಯಲ್ಲಿ ಬೀಳುತ್ತಿತ್ತು ಅಂತ ಯಾರೋ ಹೇಳಬೇಕು. ಆ ವ್ಯತ್ಯಾಸವನ್ನು ಮರೆತರೆ ವಾದ ತುಂಬಾ ಸುಲಭವಾಗಿಬಿಡುತ್ತದೆ. ಅನಿಲ್ ಕುಂಬ್ಳೆ ಅಧ್ಯಕ್ಷರಾಗಿದ್ದ ಐಸಿಸಿ ಕ್ರಿಕೆಟ್ ಸಮಿತಿ 2021ರಲ್ಲಿ ಚರ್ಚೆ ಮಾಡಿ ಅಂಪೈರ್ಸ್ ಕಾಲ್ ಉಳಿಸಿಕೊಂಡಿತು. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಮಾನ. ಡಿಆರ್‌ಎಸ್‌ನಲ್ಲಿ, ಅಂದರೆ ಈ ರಿವ್ಯೂ ವ್ಯವಸ್ಥೆಯಲ್ಲಿ, ಪ್ರಾಮಾಣಿಕವಾದ ಭಾಗ ಯಾವುದಾದರೂ ಇದ್ದರೆ ಅದು ಇದೇ. 'ಇಷ್ಟರಮಟ್ಟಿಗೆ ನನಗೆ ಖಾತ್ರಿಯಿಲ್ಲ' ಅಂತ ವ್ಯವಸ್ಥೆಯೇ ಒಪ್ಪಿಕೊಳ್ಳುವ ಜಾಗ ಅದು.

'ಒಂದೇ ಚೆಂಡಿಗೆ ಎರಡು ನ್ಯಾಯ' ಅಂದಿರಿ. ಹೌದು, ಎರಡು. ರಿವ್ಯೂ ಅಂದರೆ ಮೇಲಿನ ಕೋರ್ಟಿಗೆ ಹೋದ ಹಾಗೆ. ಅಲ್ಲಿ ಇಡೀ ಕೇಸನ್ನು ಹೊಸದಾಗಿ ನಡೆಸುವುದಿಲ್ಲ, ಕೆಳಗಿನ ತೀರ್ಪು ತಪ್ಪು ಅನ್ನಲು ಗಟ್ಟಿ ಸಾಕ್ಷಿ ಇದೆಯಾ ಅಂತ ಮಾತ್ರ ನೋಡುತ್ತಾರೆ. ಸಾಕ್ಷಿ ಸಾಲದಿದ್ದರೆ ಕೆಳಗಿನದೇ ಗಟ್ಟಿ. ರಿವ್ಯೂ ತಂದದ್ದೂ ಇಷ್ಟಕ್ಕೇ, ಇಂಚು ಇಂಚು ಅಳೆಯಲಿಕ್ಕಲ್ಲ.

ಹೇಗೆ ಬಂತು ಅಂತ ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಟಿವಿ ನೋಡಿ ತೀರ್ಪು ಕೊಡುವುದು 1992ರ ನವೆಂಬರ್‌ನಲ್ಲೇ ಶುರುವಾಗಿತ್ತು. ಡರ್ಬನ್ ಟೆಸ್ಟ್‌ನಲ್ಲಿ ಥರ್ಡ್ ಅಂಪೈರ್ ರನೌಟ್ ಕೊಟ್ಟ ಮೊದಲ ಬ್ಯಾಟ್ಸ್‌ಮನ್ ನಮ್ಮ ಸಚಿನ್ನೇ. ಆದರೆ ಅದು ಅಂಪೈರ್ ತಾವಾಗಿ ಕೇಳುವ ಸಹಾಯ. ಆಟಗಾರನಿಗೆ ಪ್ರಶ್ನೆ ಮಾಡುವ ಹಕ್ಕು ಇರಲಿಲ್ಲ. ಅಂಪೈರ್ ಹೇಳಿದ ಮೇಲೆ ಮುಗಿಯಿತು, ತಲೆ ಅಲ್ಲಾಡಿಸಿದರೂ ದಂಡ.

2008ರ ಜನವರಿಯ ಸಿಡ್ನಿ ಟೆಸ್ಟ್ ಆ ಹಳೆಯ ಕ್ರಮ ಇನ್ನು ನಡೆಯಲ್ಲ ಅಂತ ತೋರಿಸಿತು. ಆಂಡ್ರ್ಯೂ ಸೈಮಂಡ್ಸ್ 30 ರನ್ ಇದ್ದಾಗ ಕೀಪರ್‌ಗೆ ಕ್ಯಾಚ್ ಹೋಯಿತು, ಬ್ಯಾಟಿನ ಅಂಚಿಗೆ ತಾಗಿದ (ಎಡ್ಜ್) ಶಬ್ದ ಟಿವಿ ನೋಡುತ್ತಿದ್ದವರಿಗೂ ಕೇಳಿಸಿತು. ಸ್ಟೀವ್ ಬಕ್ನರ್ ನಾಟೌಟ್ ಅಂದರು. ಸೈಮಂಡ್ಸ್ ಔಟಾಗದೆ 162 ಹೊಡೆದರು. ಮುಂದಿನ ಪರ್ತ್ ಟೆಸ್ಟ್‌ಗೆ ಬಕ್ನರ್ ಅವರನ್ನು ಬದಲಿಸಲಾಯಿತು. ಕೋಟಿಗಟ್ಟಲೆ ಜನ ಮನೆಯಲ್ಲಿ ಕೂತು ಮರುಪ್ರಸಾರ ನೋಡಿ 'ಔಟ್' ಅನ್ನುತ್ತಿದ್ದಾರೆ, ಅದನ್ನು ನೋಡದೇ ಇರುವವರು ಅಂಪೈರ್ ಒಬ್ಬರೇ. ಇದು ಬಹಳ ದಿನ ನಡೆಯುವ ಮಾತಲ್ಲ.

ಅದೇ ವರ್ಷ ಭಾರತ ಶ್ರೀಲಂಕಾಕ್ಕೆ ಹೋದಾಗ ಟೆಸ್ಟ್ ಸರಣಿಯಲ್ಲಿ ಆಟಗಾರರ ರಿವ್ಯೂ ಪ್ರಯೋಗ ಮೊದಲ ಬಾರಿ ನಡೆಯಿತು. ಶ್ರೀಲಂಕಾ ಕೇಳಿದ ರಿವ್ಯೂಗಳಲ್ಲಿ 11 ಅವರ ಪರ ಆದವು. ನಮಗೆ ದಕ್ಕಿದ್ದು ಒಂದೇ ಒಂದು! ಆ ಸರಣಿಯ ಕಹಿಯೂ ಸೇರಿ ಭಾರತ ಎರಡು ದೇಶಗಳ ಸರಣಿಗಳಲ್ಲಿ ಎಂಟು ವರ್ಷ ಇದರಿಂದ ಬಹುಮಟ್ಟಿಗೆ ದೂರವೇ ಉಳಿಯಿತು ಅಂತ ನನಗನಿಸುತ್ತದೆ. ಬೇರೆಯವರು 2009ರ ನವೆಂಬರ್‌ನಲ್ಲಿ ಡ್ಯುನೆಡಿನ್‌ನ ನ್ಯೂಜಿಲೆಂಡ್-ಪಾಕಿಸ್ತಾನ ಟೆಸ್ಟ್‌ನಿಂದ ಅಧಿಕೃತವಾಗಿ ಶುರು ಮಾಡಿದರು. ನಮ್ಮವರು ಎರಡು ದೇಶಗಳ ಸರಣಿಯಲ್ಲಿ ಪೂರ್ತಿ ಡಿಆರ್‌ಎಸ್ ಒಪ್ಪಿದ್ದು 2016ರ ನವೆಂಬರ್‌ನಲ್ಲಿ, ಇಂಗ್ಲೆಂಡ್ ವಿರುದ್ಧ ರಾಜಕೋಟ್‌ನಲ್ಲಿ. ತಮಾಷೆ ನೋಡಿ, 2008ರಲ್ಲಿ ನಾಯಕರಾಗಿದ್ದ ಕುಂಬ್ಳೆ 2016ರಲ್ಲಿ ತಂಡದ ಕೋಚ್. ಅಷ್ಟರಲ್ಲಿ ಅವರು ಐಸಿಸಿ ಸಮಿತಿಯಲ್ಲಿ ಕೂತು, ಈ ಉಪಕರಣಗಳ ಪರೀಕ್ಷೆಯನ್ನೂ ಹತ್ತಿರದಿಂದ ನೋಡಿದ್ದರು. ಕುಂಬ್ಳೆ ತಮ್ಮ 619 ವಿಕೆಟ್ ಪೈಕಿ ಬಹುಪಾಲನ್ನು ರಿವ್ಯೂ ಇಲ್ಲದ ಕಾಲದಲ್ಲಿ ಪಡೆದರು. ನೇರಕ್ಕೆ, ವೇಗವಾಗಿ, ಪ್ಯಾಡಿಗೆ ಎಸೆಯುತ್ತಿದ್ದ ಆ ಬೌಲರ್‌ಗೆ ಇದು ಮೊದಲೇ ಸಿಕ್ಕಿದ್ದರೆ ಎಷ್ಟಾಗುತ್ತಿತ್ತೋ ಅಂತ ನಮ್ಮಲ್ಲಿ ಅನೇಕರು ಈಗಲೂ ಲೆಕ್ಕ ಹಾಕುತ್ತಿರುತ್ತಾರೆ.

ಆ ಲೆಕ್ಕ ಸುಮ್ನೆ ಅಲ್ಲ. ಹಿಂದೆ ಮುಂಗಾಲು ಚಾಚಿ ಪ್ಯಾಡ್ ಕೊಟ್ಟರೆ ಬ್ಯಾಟ್ಸ್‌ಮನ್‌ಗೆ ಭಯವೇ ಇರಲಿಲ್ಲ. ಅಷ್ಟು ದೂರದಿಂದ ಸ್ಟಂಪಿಗೆ ತಾಗುತ್ತದೋ ಇಲ್ಲವೋ, ಸಂಶಯದ ಲಾಭ ಬ್ಯಾಟ್ಸ್‌ಮನ್‌ಗೆ. ಚೆಂಡಿನ ದಾರಿ ಲೆಕ್ಕ ಹಾಕುವ ಬಾಲ್ ಟ್ರ್ಯಾಕಿಂಗ್ ಬಂದ ಮೇಲೆ ಅಂಥ ಚೆಂಡುಗಳಲ್ಲಿ ಬಹಳಷ್ಟು ಸ್ಟಂಪಿಗೇ ಹೋಗುತ್ತಿದ್ದವು ಅಂತ ಅಂಪೈರ್‌ಗಳೇ ಕಂಡುಕೊಂಡರು. ಅವರ ಬೆರಳು ಸಡಿಲವಾಯಿತು. 2012ರಲ್ಲಿ ಯುಎಇಯಲ್ಲಿ ನಡೆದ ಪಾಕಿಸ್ತಾನ-ಇಂಗ್ಲೆಂಡ್ ಸರಣಿಯ ಮೂರೇ ಟೆಸ್ಟ್‌ಗಳಲ್ಲಿ 43 ಎಲ್‌ಬಿ ಬಿದ್ದವು. ಸಯೀದ್ ಅಜ್ಮಲ್ ಒಬ್ಬರೇ 24 ವಿಕೆಟ್ ಕಿತ್ತರು. ಈಗಿನ ಬ್ಯಾಟ್ಸ್‌ಮನ್‌ಗಳು ಸ್ಪಿನ್ನರ್‌ಗೆ ಪ್ಯಾಡಿನ ಮುಂದೆ ಬ್ಯಾಟ್ ಇಟ್ಟು ಆಡುವುದನ್ನು ಕಲಿತದ್ದು ಈ ಹೆದರಿಕೆಯಿಂದಲೇ. ಯಂತ್ರ ತೀರ್ಪು ಬದಲಿಸಿದ್ದಕ್ಕಿಂತ ಹೆಚ್ಚಾಗಿ ಅಂಪೈರ್‌ಗಳ ಕಣ್ಣನ್ನೂ ಬ್ಯಾಟಿಂಗ್ ಕ್ರಮವನ್ನೂ ಬದಲಿಸಿದೆ. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ.

ಹಾಗಾದರೆ ಎಲ್ಲವನ್ನೂ ಯಂತ್ರಕ್ಕೇ ಬಿಡಬಾರದೇಕೆ? ಟೆನಿಸ್‌ನಲ್ಲಿ ಬಿಟ್ಟಿದ್ದಾರಲ್ಲ, 2025ರಿಂದ ವಿಂಬಲ್ಡನ್‌ನಲ್ಲೂ ಲೈನ್ ಜಡ್ಜ್‌ಗಳಿಲ್ಲ ಅಂತ ನೀವು ಕೇಳಬಹುದು. ಟೆನಿಸ್‌ನಲ್ಲಿ ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೋ ಎಂಬುದು ನಡೆದ ಸಂಗತಿ. ಕ್ರಿಕೆಟ್‌ನಲ್ಲೂ ಅಂಥವನ್ನು ಯಂತ್ರಕ್ಕೆ ಬಿಡುತ್ತಿದ್ದೇವೆ. ಮುಂಗಾಲಿನ ನೋಬಾಲ್ ನೋಡುವ ಕೆಲಸ ಈಗ ಥರ್ಡ್ ಅಂಪೈರ್‌ದು. ಅದರಿಂದ ಯಾರಿಗೂ ನಷ್ಟವಾಗಿಲ್ಲ. ಮೈದಾನದ ಅಂಪೈರ್‌ಗೆ ಒಂದು ತಲೆನೋವು ಕಡಿಮೆ. ಎಲ್‌ಬಿಯ ಕಥೆ ಬೇರೆ ಅಂತ ಆಗಲೇ ಹೇಳಿದೆ.

ಕೀಪರ್ ಕ್ಯಾಚ್ ಕಥೆ ಇನ್ನೂ ಬೇರೆ. ಇದು ನಡೆದ ಸಂಗತಿಯೇ, ಬ್ಯಾಟಿಗೆ ತಾಗಿತೋ ಇಲ್ಲವೋ ಅಷ್ಟೇ. ಆದರೂ ಜಗಳ ಮುಗಿದಿಲ್ಲ. ಯಾಕೆ ಅಂತ ನೋಡಿ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಸೆಕೆಂಡಿಗೆ ಸುಮಾರು 39 ಮೀಟರ್ ಸಾಗುತ್ತದೆ. ಸೆಕೆಂಡಿಗೆ 50 ಚಿತ್ರ ತೋರಿಸುವ ಸಾಮಾನ್ಯ ಟಿವಿ ದೃಶ್ಯದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಚೆಂಡು ಮುಕ್ಕಾಲು ಮೀಟರ್ ಮುಂದೆ ಹೋಗಿರುತ್ತದೆ. 340 ಚಿತ್ರ ತೆಗೆಯುವ ಕ್ಯಾಮೆರಾದಲ್ಲೂ ಹನ್ನೊಂದು ಸೆಂಟಿಮೀಟರ್ ದಾಟಿರುತ್ತದೆ, ಅಂದರೆ ಬ್ಯಾಟಿನ ಅಗಲದಷ್ಟು. ಸ್ಟಂಪಿನ ಮೈಕಿನಿಂದ ಬಂದ ಶಬ್ದದ ಗೆರೆಯನ್ನು ಈ ಚಿತ್ರಗಳ ಜೊತೆ ಹೊಂದಿಸಬೇಕು. ಬ್ಯಾಟ್ ಪ್ಯಾಡಿಗೆ ಬಡಿದರೂ ಗೆರೆ ಮೇಲೇಳುತ್ತದೆ, ನೆಲಕ್ಕೆ ಬಡಿದರೂ ಏಳುತ್ತದೆ. ತೀರಾ ಸಣ್ಣ ಎಡ್ಜ್ ಆದರೆ ಏಳದೆಯೂ ಇರಬಹುದು. ಹಾಟ್‌ಸ್ಪಾಟ್ ಎಂಬ ಇನ್ನೊಂದು ಸಾಧನ ಇತ್ತು, ತಾಗಿದ ಜಾಗದ ಬಿಸಿಯನ್ನು ಹಿಡಿಯುವಂಥದ್ದು. 2013ರ ಆಶಸ್ ಹೊತ್ತಿಗೆ ಅದರ ಮೇಲೂ ಅನುಮಾನ ಬಂದವು.

2024ರಲ್ಲಿ ಒಂದೇ ಸರಣಿಯಲ್ಲಿ ಇದರ ಎರಡೂ ಮುಖ ಕಂಡವು. ಪರ್ತ್ ಟೆಸ್ಟ್‌ನಲ್ಲಿ ಕೆ.ಎಲ್. ರಾಹುಲ್ 26 ರನ್ ಇದ್ದಾಗ ಕೀಪರ್ ಕ್ಯಾಚ್‌ಗೆ ಮೈದಾನದ ಅಂಪೈರ್ ರಿಚರ್ಡ್ ಕೆಟಲ್‌ಬರೋ ನಾಟೌಟ್ ಅಂದರು. ಆಸ್ಟ್ರೇಲಿಯಾ ರಿವ್ಯೂ ಕೇಳಿತು. ಚೆಂಡು ಬ್ಯಾಟ್ ದಾಟುವ ಹೊತ್ತಿಗೆ ಶಬ್ದದ ಗೆರೆ ಎದ್ದಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಬ್ಯಾಟ್ ಪ್ಯಾಡಿಗೂ ಬಡಿದಿತ್ತು. ಅನುಮಾನ ತೀರಿಸುವಂಥ ಇನ್ನೊಂದು ಕೋನದ ದೃಶ್ಯವನ್ನು ಥರ್ಡ್ ಅಂಪೈರ್ ಕೇಳಿದರು, ಸಿಗಲಿಲ್ಲ. ಆದರೂ ಔಟ್ ಕೊಟ್ಟರು. ತಾಗಿತ್ತೋ ಇಲ್ಲವೋ ನಾನು ಹೇಳಲಾರೆ. ನನ್ನ ತಕರಾರು ಬೇರೆ. ಮೊದಲ ತೀರ್ಪನ್ನು ತಿರುಗಿಸುವಷ್ಟು ಗಟ್ಟಿ ಸಾಕ್ಷಿ ಆ ಹೊತ್ತಿಗೆ ಮೇಜಿನ ಮೇಲೆ ಇರಲಿಲ್ಲ. ನಾಟೌಟೇ ನಿಲ್ಲಬೇಕಿತ್ತು.

ಮೆಲ್ಬರ್ನ್‌ನಲ್ಲಿ ಯಶಸ್ವಿ ಜೈಸ್ವಾಲ್ 84 ರನ್ ಇದ್ದಾಗ ಆದದ್ದು ಉಲ್ಟಾ. ಶಬ್ದದ ಗೆರೆ ಏಳಲೇ ಇಲ್ಲ. ಆದರೆ ಚೆಂಡು ಬ್ಯಾಟ್-ಗ್ಲೌಸ್ ಹತ್ತಿರ ದಿಕ್ಕು ಬದಲಿಸಿದ್ದು ಬರಿಗಣ್ಣಿಗೇ ಕಂಡಿತು. ಥರ್ಡ್ ಅಂಪೈರ್ ಶರಫುದ್ದೌಲಾ ಯಂತ್ರವನ್ನು ಬದಿಗಿಟ್ಟು ಕಣ್ಣನ್ನು ನಂಬಿ ಔಟ್ ಕೊಟ್ಟರು. ನಮ್ಮಲ್ಲಿ ಭಾರೀ ಕೂಗಾಟ ಆಯಿತು. ತಾಗಿದಂತೆಯೇ ಕಂಡಿತು ಅಂತ ರೋಹಿತ್ ಶರ್ಮಾ ಪಂದ್ಯದ ನಂತರ ಒಪ್ಪಿಕೊಂಡರು. ಅದು ಸರಿಯಾದ ತೀರ್ಪು, ಧೈರ್ಯದ್ದೂ ಹೌದು. ಯಂತ್ರ ಸುಮ್ಮನಿದ್ದಾಗ ನಿರ್ಧಾರ ಮಾಡಲು ಒಬ್ಬ ಮನುಷ್ಯ ಬೇಕಾಯಿತು.

ಇನ್ನೊಂದು ವಿಷಯ ಗಮನಿಸಿ. ಎಲ್ಲ ಯಂತ್ರಕ್ಕೇ ಬಿಡಿ ಅನ್ನುವವರೇ ಯಂತ್ರ ತಮ್ಮ ವಿರುದ್ಧ ಹೋದಾಗ ಅದನ್ನೇ ಬೈಯುತ್ತಾರೆ. 2022ರ ಜನವರಿಯಲ್ಲಿ ಕೇಪ್‌ಟೌನ್‌ನಲ್ಲಿ ಅಶ್ವಿನ್ ಚೆಂಡಿಗೆ ಡೀನ್ ಎಲ್ಗರ್ ಎಲ್‌ಬಿ ಅಂತ ಅಂಪೈರ್ ಔಟ್ ಕೊಟ್ಟಿದ್ದರು. ಚೆಂಡು ಸ್ಟಂಪ್ ಮೇಲಿಂದ ಹಾರಿಹೋಗುತ್ತಿತ್ತು ಅಂತ ಯಂತ್ರ ಹೇಳಿತು. ನಮ್ಮ ಆಟಗಾರರು ಸ್ಟಂಪ್ ಮೈಕಿನ ಮುಂದೆ ನಿಂತು ಪ್ರಸಾರ ಮಾಡುವವರ ಮೇಲೆಯೇ ಹರಿಹಾಯ್ದರು. ಮನುಷ್ಯ ತಪ್ಪು ಮಾಡಿದರೆ 'ತಪ್ಪು' ಅನ್ನುತ್ತೇವೆ, ಯಂತ್ರ ತಪ್ಪಿದಂತೆ ಕಂಡರೆ 'ಪಿತೂರಿ' ಅನ್ನುತ್ತೇವೆ. ಪೂರ್ತಿ ಯಂತ್ರಕ್ಕೆ ಬಿಟ್ಟರೆ ಜಗಳ ನಿಲ್ಲುತ್ತದೆ ಅಂತ ನನಗಂತೂ ನಂಬಿಕೆಯಿಲ್ಲ.

ಲೆಕ್ಕ ಯಾಕೆ ಇಡಬೇಕು ಅಂದಿರಿ. ಈಗ ಟೆಸ್ಟ್‌ನಲ್ಲಿ ಒಂದು ಇನಿಂಗ್ಸ್‌ಗೆ ಪ್ರತಿ ತಂಡಕ್ಕೆ ಮೂರು ರಿವ್ಯೂ, ಏಕದಿನ ಮತ್ತು ಟಿ20ಯಲ್ಲಿ ಎರಡು. ಕೋವಿಡ್ ಕಾಲದಲ್ಲಿ ಹೊರದೇಶದ ಅಂಪೈರ್‌ಗಳನ್ನು ಕರೆಸುವುದು ಕಷ್ಟವಾಗಿ ಆತಿಥೇಯ ದೇಶದವರೇ ನಿಂತಾಗ, ಒಂದೊಂದು ಹೆಚ್ಚಿಸಿದರು. ಅದೇ ಉಳಿಯಿತು. ಗೆದ್ದರೆ ರಿವ್ಯೂ ಉಳಿಯುತ್ತದೆ, ಸೋತರೆ ಹೋಗುತ್ತದೆ, ಅಂಪೈರ್ಸ್ ಕಾಲ್ ಆದರೆ 2017ರಿಂದ ಉಳಿಯುತ್ತದೆ. ನಿರ್ಧಾರಕ್ಕೆ 15 ಸೆಕೆಂಡ್. ಡ್ರೆಸ್ಸಿಂಗ್ ರೂಮಿನಿಂದ ಸನ್ನೆ ಬರಬಾರದು. 2017ರ ಬೆಂಗಳೂರು ಟೆಸ್ಟ್‌ನಲ್ಲಿ ಸ್ಟೀವ್ ಸ್ಮಿತ್ ಪೆವಿಲಿಯನ್ ಕಡೆ ಕತ್ತು ತಿರುಗಿಸಿ, ಕೊಹ್ಲಿ ಓಡಿಬಂದು ರಂಪ ಆದದ್ದು ಇದಕ್ಕೇ. ಆ ಗಳಿಗೆಯಲ್ಲಿ ತಲೆ ಓಡಲಿಲ್ಲ ಅಂತ ಸ್ಮಿತ್ ಆಮೇಲೆ ಸಮಜಾಯಿಷಿ ಕೊಟ್ಟರು.

ಮಿತಿ ಇಲ್ಲದಿದ್ದರೆ ಏನಾಗುತ್ತದೆ ಅಂತ ಊಹಿಸಿ. ಪ್ರತಿ ಅಪೀಲೂ ರಿವ್ಯೂ ಆಗುತ್ತದೆ. ಬೌಲರ್‌ಗೆ ಕಳೆದುಕೊಳ್ಳುವುದೇನೂ ಇಲ್ಲ. ಟೆಸ್ಟ್ ದಿನಕ್ಕೆ 90 ಓವರ್ ಮುಗಿಸಲು ಈಗಲೇ ತಿಣುಕುತ್ತಾರೆ. ಮೈದಾನದ ಅಂಪೈರ್ ಟೋಪಿ, ಸ್ವೆಟರ್ ಹಿಡಿದುಕೊಳ್ಳಲು ಮಾತ್ರ ಉಳಿಯುತ್ತಾರೆ. ಮಿತಿ ಇರುವುದರಿಂದ ತಂಡ ಯೋಚಿಸಬೇಕಾಗುತ್ತದೆ: ಇದು ಖಂಡಿತ ತಪ್ಪು ಅಂತ ನಮಗೆ ಅನಿಸುತ್ತಿದೆಯಾ, ಅಥವಾ ಆಸೆಯಾ?

ಆಸೆ ಎಂಥ ಬೆಲೆ ತೆರಿಸುತ್ತದೆ ಅನ್ನುವುದಕ್ಕೆ 2019ರ ಹೆಡಿಂಗ್ಲಿ ಟೆಸ್ಟ್ ಸಾಕು. ಇಂಗ್ಲೆಂಡ್‌ಗೆ ಕೊನೆಯ ವಿಕೆಟ್ ಉಳಿದಿದೆ. ಪ್ಯಾಟ್ ಕಮಿನ್ಸ್ ಚೆಂಡು ಜ್ಯಾಕ್ ಲೀಚ್ ಪ್ಯಾಡಿಗೆ ಬಡಿಯಿತು, ಆಸ್ಟ್ರೇಲಿಯಾ ಉಳಿದಿದ್ದ ಒಂದೇ ರಿವ್ಯೂ ಬಳಸಿತು. ಚೆಂಡು ಬಿದ್ದದ್ದು ಲೆಗ್ ಸ್ಟಂಪಿನ ಹೊರಗೆ. ಹಾಗಾಗಿ ಔಟಲ್ಲ, ರಿವ್ಯೂ ಹೋಯಿತು. ಮುಂದಿನ ಓವರ್‌ನಲ್ಲೇ, ಇಂಗ್ಲೆಂಡ್‌ಗೆ ಗೆಲ್ಲಲು ಎರಡು ರನ್ ಬೇಕಿದ್ದಾಗ, ನೇಥನ್ ಲಯನ್ ಚೆಂಡು ಬೆನ್ ಸ್ಟೋಕ್ಸ್ ಪ್ಯಾಡಿಗೆ ಬಡಿಯಿತು. ಅಂಪೈರ್ ನಾಟೌಟ್ ಅಂದರು. ಚೆಂಡು ಸ್ಟಂಪಿಗೆ ಬಡಿಯುತ್ತಿತ್ತು ಅಂತ ಟಿವಿ ತೋರಿಸಿತು. ಕೇಳಲು ರಿವ್ಯೂ ಇರಲಿಲ್ಲ. ಸ್ಟೋಕ್ಸ್ 135 ಹೊಡೆದು ಒಂದು ವಿಕೆಟ್‌ನಿಂದ ಗೆಲ್ಲಿಸಿದರು. 'ಇದು ಅನ್ಯಾಯ, ದೊಡ್ಡ ತಪ್ಪು ಹಾಗೇ ಉಳಿಯಿತಲ್ಲ' ಅಂತ ನೀವು ಹೇಳಿದರೆ ನಾನು ಒಪ್ಪುತ್ತೇನೆ. ಆದರೆ ಆ ಕೊನೆಯ ರಿವ್ಯೂ ಕೇಳಿದ್ದು ಆಸ್ಟ್ರೇಲಿಯಾವೇ. ಈ ಹಕ್ಕು ಆಟಗಾರನ ಕೈಗೆ ಬಂದ ಮೇಲೆ ಅದನ್ನು ಹಾಳು ಮಾಡಿಕೊಳ್ಳುವ ಹಕ್ಕೂ ಅವನ ಕೈಗೇ ಬಂತು.

ಹಾಗಂತ ಈಗಿನ ಪದ್ಧತಿಯೆಲ್ಲ ನನಗೆ ಒಪ್ಪಿಗೆ ಅಂತಲ್ಲ. ಐಪಿಎಲ್‌ನಲ್ಲಿ 2023ರಿಂದ ವೈಡ್‌ಗೂ ರಿವ್ಯೂ ಕೇಳಬಹುದು. ಕೊನೆಯ ಓವರ್‌ನಲ್ಲಿ ಒಂದು ವೈಡ್ ಪಂದ್ಯ ತಿರುಗಿಸಬಹುದು ನಿಜ. ಆದರೆ ವೈಡ್ ಎನ್ನುವುದೇ ಬ್ಯಾಟ್ಸ್‌ಮನ್ ಎಲ್ಲಿ ನಿಂತ, ಎಷ್ಟು ಸರಿದ ಅಂತ ನೋಡಿ ಅಂಪೈರ್ ಮಾಡುವ ಅಂದಾಜು. ಅದನ್ನು ಮತ್ತೊಬ್ಬ ಅಂಪೈರ್ ಟಿವಿಯಲ್ಲಿ ನೋಡಿ ಮತ್ತೆ ಅಂದಾಜು ಮಾಡುವುದರಲ್ಲಿ ಏನು ಸಿಕ್ಕಿತು? ಅದಕ್ಕಿಂತ, ಥರ್ಡ್ ಅಂಪೈರ್‌ಗೆ ಕೇಳುವ ಮೊದಲು ಮೈದಾನದ ಅಂಪೈರ್ ತಮ್ಮ ಅಂದಾಜು ಹೇಳಬೇಕಿದ್ದ 'ಸಾಫ್ಟ್ ಸಿಗ್ನಲ್' ಅನ್ನು 2023ರ ಜೂನ್‌ನಲ್ಲಿ ತೆಗೆದುಹಾಕಿದ್ದು ಒಳ್ಳೆಯ ಕೆಲಸ. 80 ಗಜ ದೂರದ ಕ್ಯಾಚ್ ನೆಲಕ್ಕೆ ತಾಗಿತೋ ಇಲ್ಲವೋ ಅಂತ ಮೈದಾನದ ಅಂಪೈರ್‌ಗೇ ಕಾಣದಿರುವಾಗ, 'ಸುಮ್ಮನೆ ಏನಾದರೂ ಒಂದು ಹೇಳಿ' ಅಂತ ಒತ್ತಾಯಿಸುವುದು ವಿಚಿತ್ರವಾಗಿತ್ತು.

ಈ ಸೌಲಭ್ಯ ಎಲ್ಲರಿಗೂ ಇಲ್ಲ ಎಂಬುದೂ ನೆನಪಿರಲಿ. ಅಷ್ಟು ಕ್ಯಾಮೆರಾ, ಅಷ್ಟು ಜನ, ದುಬಾರಿ. 2019ರ ಜನವರಿಯಲ್ಲಿ ಚಿನ್ನಸ್ವಾಮಿಯಲ್ಲಿ ನಡೆದ ರಣಜಿ ಸೆಮಿಫೈನಲ್‌ನಲ್ಲಿ ಕರ್ನಾಟಕದ ವಿರುದ್ಧ ಚೇತೇಶ್ವರ ಪೂಜಾರ ಕೀಪರ್ ಕ್ಯಾಚ್ ಅಪೀಲಿನಿಂದ ಪಾರಾದರು, ಸೌರಾಷ್ಟ್ರ ಗೆದ್ದಿತು. ಎಡ್ಜ್ ಆಗಿತ್ತು ಅಂತ ನಮ್ಮವರು ಇವತ್ತಿಗೂ ಹಲ್ಲು ಕಡಿಯುತ್ತಾರೆ. ಆ ಪಂದ್ಯದಲ್ಲಿ ಡಿಆರ್‌ಎಸ್ ಇರಲಿಲ್ಲ. ಮುಂದಿನ ಋತುವಿನ ಸೆಮಿಫೈನಲ್‌ಗೆ ಬಿಸಿಸಿಐ ರಿವ್ಯೂ ತಂದಿತು, ಅದೂ ಬಾಲ್ ಟ್ರ್ಯಾಕಿಂಗ್ ಮತ್ತು ಅಲ್ಟ್ರಾಎಡ್ಜ್ (ಶಬ್ದದ ಗೆರೆ) ಇಲ್ಲದ ಅರೆಬರೆ ರಿವ್ಯೂ.

ಇನ್ನು ನಿಮ್ಮ ಕ್ಲಬ್ ಟೂರ್ನಿ. ಮೊಬೈಲ್ ಇಟ್ಟು ಎಲ್‌ಬಿ ರಿವ್ಯೂ ಕೊಡಲು ದಯವಿಟ್ಟು ಹೋಗಬೇಡಿ. ಒಂದು ಕ್ಯಾಮೆರಾದಿಂದ ಚೆಂಡು ಎಷ್ಟು ಆಳದಲ್ಲಿದೆ ಅಂತ ತಿಳಿಯುವುದಿಲ್ಲ. ಮೊಬೈಲ್ ಸ್ಟಂಪ್‌ಗಳ ನೇರದಿಂದ ಪಕ್ಕಕ್ಕೆ ಸರಿದಿದ್ದರೆ ಲೆಗ್ ಸ್ಟಂಪಿಗೆ ಹೋಗುವ ಚೆಂಡು ಮಿಡ್ಲ್ ಸ್ಟಂಪಿಗೆ ಹೋದಂತೆ ಕಾಣಬಹುದು. ಎಡ್ಜ್‌ಗೂ ಬೇಡ, ಮೊಬೈಲ್ ಮೈಕಿಗೆ ಗಾಳಿ ಮತ್ತು ಕೂಗಾಟವೇ ಜಾಸ್ತಿ ಕೇಳಿಸುತ್ತದೆ.

ರನೌಟ್ ಮತ್ತು ಸ್ಟಂಪಿಂಗ್‌ಗೆ ಮಾತ್ರ ಬಳಸಬಹುದು. ಎರಡು ಮೊಬೈಲ್ ಬೇಕು, ಪಿಚ್‌ನ ಒಂದೊಂದು ತುದಿಗೆ ಒಂದೊಂದು, ಪಕ್ಕದ ಬೌಂಡರಿ ಹೊರಗೆ, ಸರಿಯಾಗಿ ಪಾಪಿಂಗ್ ಕ್ರೀಸಿನ (ಬ್ಯಾಟ್ಸ್‌ಮನ್ ದಾಟಬೇಕಾದ ಗೆರೆಯ) ನೇರಕ್ಕೆ. ಕೈಯಲ್ಲಿ ಹಿಡಿಯಬೇಡಿ, ಸ್ಟ್ಯಾಂಡ್ ಹಾಕಿ ಬಿಗಿಯಿರಿ. ಸಾಮಾನ್ಯ ವಿಡಿಯೋ ಸೆಕೆಂಡಿಗೆ 30 ಚಿತ್ರ. ಸೆಕೆಂಡಿಗೆ ಏಳು ಮೀಟರ್ ಓಡುವವನು ಒಂದು ಚಿತ್ರದಿಂದ ಇನ್ನೊಂದಕ್ಕೆ 23 ಸೆಂಟಿಮೀಟರ್ ದಾಟಿರುತ್ತಾನೆ, ಹಾಗಾಗಿ ಅದರಲ್ಲಿ ಬಿಗಿ ರನೌಟ್ ತೀರ್ಮಾನ ಆಗುವುದಿಲ್ಲ. ಸ್ಲೋ ಮೋಷನ್‌ನಲ್ಲಿ 240 ಇಟ್ಟರೆ ಅದು ಮೂರು ಸೆಂಟಿಮೀಟರ್‌ಗೆ ಇಳಿಯುತ್ತದೆ, ಅದು ಸಾಕು. ಬೇಲ್ಸ್ ಬಿದ್ದ ಚಿತ್ರ ಸ್ಪಷ್ಟವಾಗಿ ಸಿಗದಿದ್ದರೆ ಅಂಪೈರ್ ಮೊದಲು ಹೇಳಿದ್ದೇ ಕೊನೆ.

ಕ್ರಿಕೆಟ್ ನಿಯಮದ ಪ್ರಕಾರ ಅಂಪೈರ್ ತನ್ನ ತೀರ್ಪನ್ನು ಬದಲಿಸಬಹುದು, ಆದರೆ ತಡಮಾಡದೆ ಬದಲಿಸಬೇಕು. ಆಟಗಾರರ ರಿವ್ಯೂ ಆ ಮೂಲ ನಿಯಮಗಳಲ್ಲಿಲ್ಲ, ಐಸಿಸಿಯ ಪಂದ್ಯ ನಿಬಂಧನೆಗಳಲ್ಲಿದೆ. ಹಾಗಾಗಿ ನೀವೂ ನಿಮ್ಮ ಟೂರ್ನಿಯ ನಿಬಂಧನೆಯಲ್ಲೇ ಬರೆದಿಡಬೇಕು: ಯಾವುದಕ್ಕೆ ರಿವ್ಯೂ, ತಂಡಕ್ಕೆ ಎಷ್ಟು, ವಿಡಿಯೋ ನೋಡುವವರು ಯಾರು, ಎಷ್ಟು ನಿಮಿಷದಲ್ಲಿ ಮುಗಿಸಬೇಕು. ವಿಡಿಯೋ ನೋಡುವವರು ಆ ಪಂದ್ಯದ ಎರಡೂ ತಂಡಕ್ಕೆ ಸೇರದವರಾಗಿರಲಿ. ಇಬ್ಬರೂ ನಾಯಕರು ಟಾಸ್‌ಗೆ ಮುಂಚೆಯೇ ಅದಕ್ಕೆ ಸಹಿ ಹಾಕಲಿ. ಫೋನ್ ಚಾರ್ಜ್ ಎಷ್ಟಿದೆ ಅಂತಲೂ ಆಗಲೇ ನೋಡಿಕೊಳ್ಳಿ, ಸ್ಲೋ ಮೋಷನ್ ವಿಡಿಯೋ ಬ್ಯಾಟರಿಯನ್ನೂ ಜಾಗವನ್ನೂ ಬೇಗ ತಿನ್ನುತ್ತದೆ.